ಆಯಿಯ ಕಡಗೋಲು

ಹಿರಿಯರ ಮೌಲ್ಯಗಳ ಬಗ್ಗೆ ಮೈಕು ಹಿಡಿದು ಮಾತಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೇಳುವುದು ಆಚಾರ, ಮಾಡುವುದು ಅನಾಚಾರ. ಅಂಥವನೊಬ್ಬ ನಮ್ಮ ಮನೆತನದಲ್ಲೇ ಇದ್ದಾನೆ, ನನ್ನ ಕಾಕಾನ ಮಗ. ಕಲಬುರಗಿಯ ಕೋಟೆಯ ಹತ್ತಿರ ಹಳ್ಳಿ ಊಟದ ಖಾನಾವಳಿ ತೆರೆದಿದ್ದಾನೆ. ಗೋಡೆಗೆ ಬಂಡಿಯ ಗಾಲಿ, ಮೂಲೆಯಲ್ಲಿ ಬೀಸುವ ಕಲ್ಲು, ಬಡಿಸುವವರ ತಲೆಗೆ ಬಾಡಿಗೆ ರುಮಾಲು. ಆ ಬೀಸುವ ಕಲ್ಲು ಥರ್ಮೋಕೋಲಿನದು. ಒಮ್ಮೆ ಗಿರಾಕಿಯೊಬ್ಬರ ಮೊಣಕೈ ತಾಗಿ ಉರುಳಿಯೇ ಹೋಯಿತು.

ಈ ಪುಣ್ಯಾತ್ಮ ಚಿಕ್ಕವನಿದ್ದಾಗ ರಜೆಗೆ ನಮ್ಮೂರು ಕಮಲಾಪುರಕ್ಕೆ ಬಂದರೆ ಆಯಿ ಕೊಟ್ಟ ಮಜ್ಜಿಗೆಗೆ ಮೂಗು ಮುಚ್ಚಿಕೊಳ್ಳುತ್ತಿದ್ದ. ಎಮ್ಮೆಯ ವಾಸನೆಯಂತೆ. ಆಯಿ ಅಂದರೆ ನಮ್ಮಪ್ಪನ ತಾಯಿ. ಬೆಳಿಗ್ಗೆ ಅವಳು ಮೊಸರು ಕಡೆಯುವ ಸಪ್ಪಳ ಕೇಳಿದರೆ ಓಣಿಯವರು ತಂಬಿಗೆ ಹಿಡಿದು ಬರುತ್ತಿದ್ದರು, ಈಗಲೂ ಬರುತ್ತಾರೆ. ಬೆಣ್ಣೆ ಮಾರುತ್ತಾಳೆ, ತುಪ್ಪ ಮಾರುತ್ತಾಳೆ, ತೂಕದಲ್ಲಿ ಒಂದು ಗುಂಜಿ ಬಿಡುವವಳಲ್ಲ. ಮಜ್ಜಿಗೆ ಮಾತ್ರ ಮಾರುವಂತಿಲ್ಲ. ಮಾರಿದರೆ ಎಮ್ಮೆ ಬತ್ತುತ್ತದೆ ಎಂದು ಅವಳ ಅತ್ತೆ ಹೇಳಿದ್ದಳಂತೆ. ಆಯಿಯನ್ನು ದೇವತೆ ಮಾಡಲು ನಾನು ಇದನ್ನು ಬರೆಯುತ್ತಿಲ್ಲ. ಕೆಲವು ಕೇರಿಗಳವರ ತಂಬಿಗೆಗೆ ಅವಳು ತಾಗದಂತೆ ಮೇಲಿನಿಂದ ಸುರಿದದ್ದನ್ನೂ ಕಂಡಿದ್ದೇನೆ. ಅದು ಮೌಲ್ಯವಲ್ಲ, ಹೊಲಸು. ಆದರೆ ಮಜ್ಜಿಗೆ ಕೇಳಿ ಬಂದವರಿಗೆ ಅವಳು ಇಲ್ಲ ಎಂದದ್ದಿಲ್ಲ, ದುಡ್ಡು ಮುಟ್ಟಿದ್ದಿಲ್ಲ.

ಖಾನಾವಳಿ ಶುರುವಾಗುವ ದಿನ ಅವನು ಆಯಿಯನ್ನು ಕಾರಿನಲ್ಲಿ ಕರೆತಂದ, ಅವಳ ಕಡಗೋಲಿನ ಸಮೇತ. ಬಾಗಿಲ ಹತ್ತಿರ ಮೊಸರಿನ ಗಡಿಗೆ ಇಟ್ಟು ಕೂಡಿಸಿದ. ಹಿಂದೆ ಅವಳದೇ ಆಳೆತ್ತರದ ಫೋಟೊ. ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ: "ಬಂದವರಿಗೆಲ್ಲ ಫುಕ್ಕಟ ಮಜ್ಜಿಗಿ ಕುಡಸ್ತೀವಿ ಅಂತ ಆಯಿಗಿ ಹೇಳೀನಿ. ರೊಕ್ಕದ ಮಾತು ಆಯಿ ಮುಂದ ತೆಗಿಬ್ಯಾಡ."

ಈ ಸುಳ್ಳು ಎಷ್ಟು ಹೊತ್ತು ನಿಲ್ಲುತ್ತದೆ ನೋಡೋಣ ಎನಿಸಿತು.

ಆಯಿ ಹುರುಪಿನಿಂದ ಕಡೆದಳು. ಅವಳ ಪಾಲಿಗೆ ಅದು ಮೊಮ್ಮಗ ಮಾಡುತ್ತಿದ್ದ ಧರ್ಮದ ಕೆಲಸ. ಅವನು ಮೈಕಿನಲ್ಲಿ ನಮ್ಮ ಆಯಿ ಕಲಿಸಿದ ಸಂಸ್ಕಾರ ಎನ್ನುತ್ತಾ ಗದ್ಗದಿತನಾದ. ಅಷ್ಟರಲ್ಲಿ ಆಟೋದವನೊಬ್ಬ ಅವಳ ಕೈಯಿಂದ ಗ್ಲಾಸು ತೆಗೆದುಕೊಂಡು ಕುಡಿದು, ಅವಳನ್ನೇ ಕೇಳಿದ: "ಎಷ್ಟು ಕೊಡಬೇಕ್ರೀ ಆಯಿ?"

"ಯಾತಕ್ಕಪ್ಪ?"

"ಮಜ್ಜಿಗಿಗಿ. ಅಲ್ಲಿ ಗಲ್ಲಾದಾಗ ರೊಕ್ಕ ಕೇಳ್ಲಾಕತ್ತಾರ."

ಆಯಿ ಮೊಮ್ಮಗನ ಕಡೆ ನೋಡಿದಳು. ಅವನು ಕೈಯಲ್ಲಿದ್ದ ಮೈಕು ಬಂದ್ ಮಾಡಿದ. ಹತ್ತಿರ ಬಂದು, "ಆಯಿ, ಇದು ಶಹರ. ಫುಕ್ಕಟ ಕೊಟ್ರ ಮಂದಿ ಕಿಮ್ಮತ್ತು ಕೊಡಂಗಿಲ್ಲ," ಎಂದ.

ಅವಳು ಬೈಯಲಿಲ್ಲ. ಬೈದಿದ್ದರೆ ನನಗಾದರೂ ಸಮಾಧಾನವಾಗುತ್ತಿತ್ತು. ಕಡಗೋಲನ್ನು ಗಡಿಗೆಯಿಂದ ತೆಗೆದು, ಸೆರಗಿನಿಂದ ಒರೆಸಿ, ಎದ್ದು ನಿಂತಳು. "ನಡಿ, ಎಮ್ಮಿ ಹಿಂಡೂ ಹೊತ್ತಾತು," ಎಂದಳು ನನಗೆ.

ಆ ನಾಚಿಕೆಗೇಡಿ ಬಾಗಿಲವರೆಗೂ ಹಿಂದೆ ಬಂದ. "ಆಯಿ, ಕಡಗೋಲಾರ ಬಿಟ್ಟು ಹೋಗು. ಫೋಟೊದ ಕೆಳಗ ಇಡ್ತೀನಿ."

ಆಯಿ ತಿರುಗಿ ಅವನ ಗಲ್ಲ ಸವರಿದಳು. "ಇದು ನನಗ ನಾಳಿ ಕಡೀಲಾಕ ಬೇಕಪ್ಪ. ನೀ ಊರಿಗಿ ಬಾ. ನಿನಗೂ ಒಂದು ತಂಬಗಿ ಮಜ್ಜಿಗಿ ಕೊಡ್ತೀನಿ. ರೊಕ್ಕ ತರಬ್ಯಾಡ."