ಉಚ್ಚಂಗೆವ್ವನ ಪಾಲಕ

ರಾಣೇಬೆನ್ನೂರಿನ ಅಂಚಿನ ಹಳ್ಳದ ದಂಡೆಯಲ್ಲಿ ಉಚ್ಚಂಗೆವ್ವ ಪಾಲಕ ಬೆಳೆಯುತ್ತಿದ್ದಳು. ತನ್ನ ಸೊಪ್ಪಿನ ಬಗ್ಗೆ ಆಕೆಗಿದ್ದ ಜಂಬ ಹೊಟ್ಟೆಯಲ್ಲಿ ಹುಟ್ಟಿದ ಮಗನ ಬಗ್ಗೆಯೂ ಇರಲಿಲ್ಲ. ಸೊಸೆ ಪುಷ್ಪಲತಾ ಬಸುರಿಯಾದದ್ದೇ ತಡ, ಮೈಯಲ್ಲಿ ರಕ್ತ ಆಗಲಿ ಎಂದು ಎರಡೂ ಹೊತ್ತು ಪಾಲಕದ ಪಲ್ಯ ಬಡಿಸಿದಳು. ಸೊಸೆ ಮುಖ ಕಿವುಚಿದರೂ ಬಿಡಲಿಲ್ಲ.

ಎರಡು ಸಾವಿರದ ಆರರ ಬೇಸಿಗೆಯಲ್ಲಿ ಧಾರವಾಡದಲ್ಲಿ ಓದುವ ಅರುಣಾ ಎಂಬ ಹುಡುಗಿ ಬಂದು ಹಳ್ಳದ ನೀರನ್ನು ಬಾಟಲಿಗೆ ತುಂಬಿಕೊಂಡು ಹೋದಳು. ಮತ್ತೆ ಬಂದಾಗ ಅವಳ ಮುಖ ಅರಳಿತ್ತು. ಹಳ್ಳ ಹರಿದುಬರುವ ಮೇಲಿನ ದಿಕ್ಕಿನಲ್ಲಿರುವ, ನಟ್ಟು ಬೋಲ್ಟಿಗೆ ಲೇಪ ಹಚ್ಚುವ ಕಾರ್ಖಾನೆಯಿಂದ ಕ್ಯಾಡ್ಮಿಯಂ ಎಂಬ ವಿಷ ಹಳ್ಳಕ್ಕೆ ಸೇರುತ್ತಿದೆಯಂತೆ. ಆ ವಿಷದಲ್ಲೂ ಸಾಯದ ಬ್ಯಾಕ್ಟೀರಿಯಾ ಅವಳಿಗೆ ಸಿಕ್ಕಿದ್ದವು, ಅದೇ ಅವಳ ಖುಷಿ.

"ಹುಳ ಬದುಕ್ಯಾವಂದ್ರ ನೀರು ಚಲೋ ಐತಿ ಅಂದಂಗಾತಲ್ಲ ತಂಗಿ?" ಎಂದಳು ಉಚ್ಚಂಗೆವ್ವ.

ಅರುಣಾಳ ನಗು ನಿಂತಿತು. "ಇಲ್ರಿ ಅಮ್ಮಾ. ಆ ವಿಷ ಅವಕ್ಕ ರೂಢಿ ಆಗೇತಿ. ಮನಷ್ಯಾರಿಗೆ ಆಗೂದಿಲ್ಲ. ಈ ನೀರು ಕುಡದ ಪಾಲಕ ತಪ್ಪಲದಾಗೂ ಅದು ಏರ್ತೈತ್ರಿ. ಉಣ್ಣಬ್ಯಾಡ್ರಿ."

ಅಂದಿನಿಂದ ಸೊಸೆ ಹೊಟ್ಟೆ ಮುಟ್ಟಿಕೊಂಡರೆ ಸಾಕು, ಉಚ್ಚಂಗೆವ್ವನ ಜೀವ ಬಾಯಿಗೆ ಬರುತ್ತಿತ್ತು. "ಕೂಸು ಆಡಾಕತ್ತೈತೇನ?" ಎಂದು ಗಳಿಗೆಗೊಮ್ಮೆ ಕೇಳುವಳು. ಯಾಕೆ ಎಂದು ಹೇಳಲು ಬಾಯಿ ಬರಲಿಲ್ಲ. ಸೊಸೆಗೆ ಪಾಲಕ ಬಡಿಸುವುದನ್ನು ಬಿಟ್ಟಳು, ಮಾರುವುದನ್ನು ಮಾತ್ರ ನಿಲ್ಲಿಸಲಿಲ್ಲ. ಮುಂಜಾನೆ ಟೆಂಪೊ ಬಂದು ಕಟ್ಟಿಟ್ಟ ಪಾಲಕದ ಸಿವುಡುಗಳನ್ನು ಹೇರಿಕೊಂಡು ಹೋಗುತ್ತಿತ್ತು. ಎಲ್ಲಿಗೆ ಎಂದು ಅವಳು ಯಾವತ್ತೂ ಕೇಳಿದವಳಲ್ಲ, ಈಗಂತೂ ಕೇಳುವ ಧೈರ್ಯವಿರಲಿಲ್ಲ.

ಸೊಸೆಗೆ ಬೇರೆ ಸೊಪ್ಪು ಬೇಕಲ್ಲ. ಸೊಪ್ಪು ಮಾರುವವಳೇ ರಾಣೇಬೆನ್ನೂರಿನಲ್ಲಿ ಸೊಪ್ಪು ಕೊಂಡರೆ ಊರೆಲ್ಲ ಆಡಿಕೊಳ್ಳುತ್ತದೆ. ಬಸ್ಸು ಹತ್ತಿ ಬ್ಯಾಡಗಿಗೆ ಹೋದಳು. ಸಂತೆಯಲ್ಲಿ ತಿರಕಪ್ಪನೆಂಬ ವ್ಯಾಪಾರಿಯ ಮುಂದೆ ಕುಳಿತಳು.

"ಸೊಸಿ ಬಸುರಿ ಅದಾಳಪಾ. ಚಲೋ ಪಾಲಕ ಕೊಡು."

"ಹಂಗಾರ ಇದನ್ನ ಒಯ್ಯಿ ಬೇ. ಬಸುರ್ಯಾರ ಮನ್ಯಾವ್ರು ಇದನ್ನ ಕೇಳಿ ಒಯ್ತಾರ. ರಾಣೇಬೆನ್ನೂರಾಗ ಉಚ್ಚಂಗೆವ್ವ ಅಂತ ಒಬ್ಬಾಕಿ ಬೆಳೀತಾಳ, ಆಕಿ ಮಾಲು."

ಪಕ್ಕದಲ್ಲಿ ತುಂಬು ಬಸುರಿಯೊಬ್ಬಳು ಆಗಲೇ ಎರಡು ಸಿವುಡು ಚೀಲಕ್ಕೆ ಇಳಿಸುತ್ತಿದ್ದಳು. ಉಚ್ಚಂಗೆವ್ವ ಎದ್ದು ಹೋಗಿಬಿಡಬಹುದಿತ್ತು, ಆ ಸಂತೆಯಲ್ಲಿ ಅವಳ ಮುಖ ಯಾರಿಗೂ ಗೊತ್ತಿರಲಿಲ್ಲ. ಆದರೂ ಏಳಲಿಲ್ಲ. ಕೈ ಚಾಚಿ ಆ ಹೆಣ್ಣುಮಗಳ ಚೀಲ ಹಿಡಿದಳು.

"ಬ್ಯಾಡವ್ವಾ, ಅಲ್ಲಿಡು. ಉಚ್ಚಂಗೆವ್ವ ಅಂದ್ರ ನಾನ. ನನ್ನ ಸೊಸಿಗೆ ಅದನ್ನ ಉಣಸಾಕ ಅಂಜಿ ಇಲ್ಲಿಗೆ ಬಂದೇನಿ."