ಹಾಡು ನಿಂತ ಭಾನುವಾರ

ಮಾರ್ಚ್ ತಿಂಗಳ ಎರಡನೆಯ ಭಾನುವಾರ, ಬೆಳಿಗ್ಗೆ ಏಳೂವರೆ ಗಂಟೆ. ಅಂಗಳದಲ್ಲಿ ಹುಣಸೆಹಣ್ಣು ಕುಟ್ಟಲು ಬಂದಿದ್ದ ಮೂವರು ಹೆಂಗಸರು: ಈರಕ್ಕ, ಅವಳ ಸೊಸೆ ಗಂಗಮ್ಮ, ಪಕ್ಕದ ಬೀದಿಯ ತಿಮ್ಮಕ್ಕ. ಜಗಲಿಯ ಮೇಲೆ ಅಪ್ಪ ಮತ್ತು ನಾನು. ಒಳಗೆ ಅವ್ವ. ಆ ದಿನದ ವಿಷಯವನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ. ಕ್ರಮವಾಗಿ ಹೇಳುತ್ತೇನೆ.

ಆಗೆಲ್ಲ ಬರಗೂರಿನ ಕಡೆಯ ನಮ್ಮ ಹಳ್ಳಿಗೆ ಪರೀಕ್ಷೆ ಮತ್ತು ಹುಣಸೆ ಒಟ್ಟಿಗೇ ಬರುತ್ತಿದ್ದವು. ಹೊಲದ ಬದುವಿನ ನಾಲ್ಕು ಮರಗಳ ಕಾಯಿ ಬಡಿದು ತಂದು ಅಂಗಳದಲ್ಲಿ ಹರಡಿದರೆ ಇಡೀ ಮನೆಗೆ ಹುಳಿವಾಸನೆ ಹತ್ತಿಕೊಳ್ಳುತ್ತಿತ್ತು. ಪುಸ್ತಕದ ಹಾಳೆಗೂ ಅದೇ ವಾಸನೆ. ನಾನು ಏಳನೆಯ ತರಗತಿ, ಪಬ್ಲಿಕ್ ಪರೀಕ್ಷೆ. ಅಪ್ಪ ಊರಿನ ಶಾಲೆಯ ಮೇಷ್ಟರು. ನಾನು ಎದ್ದಾಗಿನಿಂದ ಮಲಗುವವರೆಗಿನ ಪ್ರತಿ ಗಂಟೆಯ ಕೆಲಸವನ್ನೂ ಒಂದು ಹಾಳೆಯಲ್ಲಿ ಬರೆದು ಕಂಬಕ್ಕೆ ಅಂಟಿಸಿದ್ದರು. ಬೆಳಿಗ್ಗೆ ಏಳರಿಂದ ಒಂಬತ್ತು ಸಮಾಜ ಪರಿಚಯ, ಸಂಜೆ ಆರರಿಂದ ಏಳು ಗಣಿತ. ಅಪ್ಪ ಹೋಗಿ ಬಹಳ ಕಾಲವಾಯಿತು, ನಾನೂ ಮೇಷ್ಟರಾಗಿ ನಿವೃತ್ತಳಾದೆ. ಆ ಹಾಳೆಯ ಗಂಟೆಗಳು ಮಾತ್ರ ನನ್ನ ಮೈಯಿಂದ ಹೋಗಿಲ್ಲ.

ನಮ್ಮ ಅಂಗಳದಲ್ಲಿ ಹಣ್ಣು ಕುಟ್ಟುವುದು ಜೋಡಿ ಕೆಲಸ. ಒಬ್ಬಳು ಸಿಪ್ಪೆ ಬಿಡಿಸಿದ ಹಣ್ಣನ್ನು ಕಲ್ಲಿನ ಮೇಲಿಟ್ಟು ತಿರುಗಿಸಬೇಕು, ಎದುರಿಗೆ ಕೂತವಳು ಮರದ ಕೊಡತಿಯಿಂದ ಹೊಡೆಯಬೇಕು. ಬೀಜ ಪುಟಕ್ಕನೆ ಹಾರುತ್ತಿತ್ತು. ಈರಕ್ಕ ಹಣ್ಣು ಇಡುವವಳು, ಗಂಗಮ್ಮ ಹೊಡೆಯುವವಳು, ತಿಮ್ಮಕ್ಕ ಪಕ್ಕದಲ್ಲಿ ನಾರು ತೆಗೆಯುವವಳು. ಈರಕ್ಕ ಹಾಡುತ್ತಿದ್ದಳು. ಸಾಲಿನ ಕೊನೆಗೆ ಸರಿಯಾಗಿ ಕೊಡತಿ ಬೀಳಬೇಕು, ಅಷ್ಟರೊಳಗೆ ಬೆರಳು ಆಚೆ ಬಂದಿರಬೇಕು. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಕೈಗಳಿಗೆ ಗೊತ್ತಿತ್ತು.

ಗಂಗಮ್ಮ ಪಾವಗಡದ ಆಚೆಯ ಊರಿನವಳು, ಮದುವೆಯಾಗಿ ಮೂರು ತಿಂಗಳಾಗಿತ್ತು. ಮನೆಮಾತು ತೆಲುಗು. ಅವಳು ಕನ್ನಡದಲ್ಲಿ ಏನು ಹೇಳಿದರೂ ತಿಮ್ಮಕ್ಕ ಅದನ್ನು ಹಾಗೆಯೇ ಅಂದು ತೋರಿಸಿ ನಗುತ್ತಿದ್ದಳು. ಹೀಗಾಗಿ ಗಂಗಮ್ಮ ಮಾತು ಕಡಿಮೆ ಮಾಡಿದ್ದಳು. ಹಾಡಿನ ಕೊನೆಯ ಪದವನ್ನಷ್ಟೇ ಅತ್ತೆಯ ಜೊತೆ ಗಟ್ಟಿಯಾಗಿ ಹೇಳುತ್ತಿದ್ದಳು. ಅಲ್ಲಿ ತಪ್ಪುವ ಭಯವಿರಲಿಲ್ಲ.

ಈರಕ್ಕ ಓದಿದವಳಲ್ಲ. ಆದರೂ ಬೆಳಿಗ್ಗೆ ಕೂತ ತಕ್ಷಣ ಜಗಲಿಯ ಕಡೆ ತಿರುಗಿ, "ಇವತ್ತು ಏನ್ ಪಾಠ ಕಣವ್ವ?" ಎಂದು ಕೇಳುತ್ತಿದ್ದಳು.

"ನದಿಗಳು."

"ಯಾವ್ಯಾವು, ಹೇಳು. ನಾವೂ ಒಂದೀಟು ಕಲ್ತ್ಕೊಳ್ತೀವಿ."

ನಾನು ಹೇಳುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅದು ಹಾಡಾಗಿ ಬರುತ್ತಿತ್ತು:

ತುಂಗೆ ಬಂದ್ಲು ಭದ್ರೆ ಬಂದ್ಲು ಕೂಡ್ಲೀಲಿ ಕೂಡ್ಯಾರೆ
ಅತ್ತೆ ಸೊಸೆ ಕೂಡ್ದಂಗೆ ಜಗಳಿಲ್ದೆ ಕೂಡ್ಯಾರೆ

"ಕೂಡ್ಯಾರೆ" ಎಂಬಲ್ಲಿ ಕೊಡತಿ ಬೀಳುತ್ತಿತ್ತು. ತಿಮ್ಮಕ್ಕ, "ಜಗಳಿಲ್ದೆ ಕೂಡೋ ಅತ್ತೆ ಸೊಸೇನ ನಾನಂತೂ ಈ ಸೀಮೇಲಿ ಕಾಣೆ" ಎಂದು ಸೇರಿಸುತ್ತಿದ್ದಳು. ನಗು, ಮತ್ತೆ ಹಾಡು. ಪುಸ್ತಕದಲ್ಲಿ ಮೂರು ಸಲ ಓದಿದರೂ ನಿಲ್ಲದ ಹೆಸರುಗಳು ಒಂದು ಬುಟ್ಟಿ ಹಣ್ಣು ಮುಗಿಯುವಷ್ಟರಲ್ಲಿ ನನ್ನ ಬಾಯಲ್ಲಿರುತ್ತಿದ್ದವು. ಮಧ್ಯಾಹ್ನ ಈರಕ್ಕ ಹೊಸ ಹಣ್ಣಿಗೆ ಉಪ್ಪು, ಜೀರಿಗೆ, ಬೆಲ್ಲ, ಮೆಣಸಿನಪುಡಿ ಹಾಕಿ ಕುಟ್ಟಿ, ಕಡ್ಡಿಗೆ ಮೆತ್ತಿ ಚಿಗಳಿ ಮಾಡಿ ಕೊಡುತ್ತಿದ್ದಳು. ಅದನ್ನು ಚೀಪುತ್ತಾ ಬೆಟ್ಟಗಳ ಹೆಸರು ಹೇಳಿಕೊಳ್ಳುತ್ತಿದ್ದೆ.

ಇಷ್ಟು ಸತ್ಯ. ಇನ್ನು ನನ್ನ ಸುಳ್ಳು.

ಆ ಶನಿವಾರ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಕೊಟ್ಟರು. ಸಮಾಜದಲ್ಲಿ ನಾನೇ ಮೊದಲು. ಗಣಿತದಲ್ಲಿ ಫೇಲು. ಕಾರಣ ನನಗೆ ಚೆನ್ನಾಗಿ ಗೊತ್ತಿತ್ತು. ಸಂಜೆ ಆರರಿಂದ ಏಳು ಅಪ್ಪ ಪಂಚಾಯಿತಿ ಕಟ್ಟೆಯಲ್ಲಿ ದೊಡ್ಡವರಿಗೆ ಅಕ್ಷರ ಕಲಿಸಲು ಹೋಗುತ್ತಿದ್ದರು. ಆ ಹೊತ್ತಿನಲ್ಲಿ ನಾನು ಹಿತ್ತಲಲ್ಲಿ ಗೆಳತಿಯರ ಜೊತೆ ಚೌಕಾಬಾರ ಆಡುತ್ತಿದ್ದೆ. ಒಂದು ಮೈ ಬಿಳುಪಾಗುವವರೆಗೆ ಕಲ್ಲಿಗೆ ಉಜ್ಜಿದ ಹುಣಸೆಬೀಜಗಳು ನನ್ನ ಲಂಗದ ಗಂಟಿನಲ್ಲೇ ಇರುತ್ತಿದ್ದವು.

ಅಪ್ಪ ಬೈಯಲಿಲ್ಲ. ಅವರು ಬೈಯುವವರಲ್ಲ. ಪತ್ರಿಕೆಯನ್ನು ಮಡಿಸಿ ಕೇಳಿದರು: "ಏನು ಕಾರಣ?"

"ಹಾಡು" ಎಂದೆ. "ಅವರು ಹಾಡ್ತಾ ಇದ್ರೆ ಲೆಕ್ಕ ತಲೆಗೆ ಹತ್ತಲ್ಲ ಅಪ್ಪ."

ಸಂಜೆ ಆರಕ್ಕೆ ಅಂಗಳದಲ್ಲಿ ಯಾರೂ ಇರುವುದಿಲ್ಲ ಎಂಬುದು ಅಪ್ಪನಿಗೆ ಹೊಳೆಯಲಿಲ್ಲ. ನಾನು ಸುಳ್ಳು ಹೇಳಬಹುದು ಎಂಬುದೇ ಅವರಿಗೆ ಹೊಳೆದಿರಲಾರದು.

ಮರುದಿನವೇ ನಾನು ಮೊದಲು ಹೇಳಿದ ಭಾನುವಾರ. ಏಳೂವರೆಗೆ ಈರಕ್ಕ ಕಲ್ಲಿನ ಮುಂದೆ ಕೂತು, ಎಂದಿನಂತೆ, "ಏನ್ ಪಾಠ ಕಣವ್ವ?" ಎಂದಳು. ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ. ಅಪ್ಪ ಅಂಗಳಕ್ಕಿಳಿದು ನಿಧಾನವಾಗಿ ಹೇಳಿದರು: "ಈರಮ್ಮ, ಬೇಜಾರು ಮಾಡ್ಕೋಬೇಡಿ. ಮಗೂಗೆ ಪರೀಕ್ಷೆ. ಅದು ಮುಗಿಯೋವರೆಗೂ ಹಾಡು ಬೇಡ."

ಈರಕ್ಕ ನನ್ನನ್ನು ನೋಡಿದಳು. ಆಮೇಲೆ, "ಆಗ್ಲಿ ಬುಡಿ ಮೇಷ್ಟ್ರೇ. ನಮ್ದೇನು ಪದ, ಯಾವಾಗ್ಲೂ ಇರ್ತದೆ. ಪಾಪ ಓದ್ಕೊಳ್ಲಿ" ಎಂದಳು.

ಗಂಗಮ್ಮ ಕೊಡತಿ ಹಿಡಿದು ಅತ್ತೆಯ ಮುಖ ನೋಡಿದಳು. "ಪಾಟ ಇಲ್ದೆ ಹೆಂಗೆ ಅತ್ತಮ್ಮಾ?" ಹಾಡಿಗೆ ಅವಳು ತನ್ನ ತೆಲುಗಿನಲ್ಲಿ ಪಾಟ ಎನ್ನುತ್ತಿದ್ದಳು.

"ಹೊಡಿಯೇ, ಕಣ್ಣಿಲ್ವಾ? ನೋಡ್ಕಂಡು ಹೊಡಿ."

ಅಂದು ಬೆಳಿಗ್ಗೆ ಅಂಗಳದಲ್ಲಿ ಕೊಡತಿಯ ಸದ್ದೊಂದೇ. ಒಮ್ಮೆ ಬೇಗ, ಒಮ್ಮೆ ತಡ. ನನ್ನ ಎದುರಿಗೆ ಪುಸ್ತಕವಿತ್ತು, ಒಂದು ಸಾಲೂ ಒಳಗೆ ಹೋಗಲಿಲ್ಲ. ಎಂಟೂವರೆಯ ಹೊತ್ತಿಗೆ ತಿಮ್ಮಕ್ಕ ಯಾರದೋ ಮನೆಯ ಮಾತು ತೆಗೆದಳು. ಈರಕ್ಕ ಅದಕ್ಕೆ ಉತ್ತರ ಕೊಡಲು ಅರೆಕ್ಷಣ ಕೈ ನಿಲ್ಲಿಸಿದಳು. ಕೊಡತಿ ನಿಲ್ಲಲಿಲ್ಲ.

ಈರಕ್ಕ "ಹಾ" ಎಂದು ಉಸಿರು ಒಳಗೆ ಎಳೆದುಕೊಂಡು, ಎಡಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. ತೋರುಬೆರಳು ಜಜ್ಜಿಹೋಗಿತ್ತು. ಅಪ್ಪ ಓಡಿಬಂದು ಯಾರದೋ ಸೈಕಲ್ಲಿನಲ್ಲಿ ಅವಳನ್ನು ಕೂರಿಸಿಕೊಂಡು ಬಸ್ ನಿಲ್ದಾಣಕ್ಕೆ ಹೋದರು. ಅಲ್ಲಿಂದ ಶಿರಾದ ಆಸ್ಪತ್ರೆ.

ಗಂಗಮ್ಮ ಕೊಡತಿ ಕೆಳಗಿಡುವುದನ್ನೂ ಮರೆತು ಕೂತಿದ್ದಳು. ತಿಮ್ಮಕ್ಕ ಚೆಲ್ಲಿದ ಹಣ್ಣು ಬಾಚಿ ಬುಟ್ಟಿಗೆ ತುಂಬುತ್ತಾ, "ಅತ್ತೆ ಮೇಲಿನ ಸಿಟ್ಟೆಲ್ಲ ಬೆರಳಿನ್ ಮೇಲೆ ತೀರಿಸ್ಕಂಡ್ಬುಟ್ಯಲ್ಲೇ" ಎಂದಳು. ಮೊದಲಿಗೆ ಅದು ತಮಾಷೆಯೇ ಇರಬೇಕು. ಮಧ್ಯಾಹ್ನಕ್ಕೆ ಆ ಮಾತು ಬೋರ್‌ವೆಲ್ ಹತ್ತಿರ ತಲುಪುವಾಗ ತಮಾಷೆಯಾಗಿ ಉಳಿದಿರಲಿಲ್ಲ.

ಸಂಜೆ ಐದಕ್ಕೆ ಈರಕ್ಕ ಕೈಗೆ ದಪ್ಪ ಪಟ್ಟಿ ಹಾಕಿಸಿಕೊಂಡು ಊರಿಗೆ ಬಂದಳು. ಅವ್ವ ಒಂದು ಡಬ್ಬಿಯಲ್ಲಿ ಗಂಜಿ ಕೊಟ್ಟು ನನ್ನನ್ನು ಅವರ ಮನೆಗೆ ಕಳಿಸಿದಳು. ಗಂಗಮ್ಮ ಹೊಸ್ತಿಲ ಹೊರಗೆ ಕೂತಿದ್ದಳು. ಅವಳ ಗಂಡ ಒಳಗಿನಿಂದಲೇ ಬೈಯುತ್ತಿದ್ದ. ಅವಳ ಊರು, ಅವಳ ಭಾಷೆ, ಅವಳ ಕೈ, ಯಾವುದನ್ನೂ ಬಿಟ್ಟಿರಲಿಲ್ಲ. "ಹೋಗ್ಲಿ ಬುಡ್ಲಾ, ನಾನೇ ಯಾಮಾರ್ದೆ" ಎಂದು ಈರಕ್ಕ ಮಲಗಿದಲ್ಲಿಂದ ಹೇಳುವುದು ಕೇಳಿಸುತ್ತಿತ್ತು.

ಗಂಗಮ್ಮ ನನ್ನ ಕೈ ಹಿಡಿದುಕೊಂಡಳು. "ಪಾಪಾ, ನೀನಾದ್ರೂ ಚೆಪ್ಪು. ನೀ ಅಲ್ಲೇ ಇದ್ದೆ. ಪಾಟ ಇಲ್ದೆ ನಂಗೆ ಕೈ ಕುದುರಲಿಲ್ಲ. ಬೇಕಂತ ಹೊಡೀಲಿಲ್ಲ. ನೀ ಓದಿರೋಳು, ನೀ ಹೇಳಿದ್ರೆ ಕೇಳ್ತಾರೆ."

ಹೇಳಬೇಕಾದದ್ದು ಎರಡೇ ಮಾತು. ಹಾಡಿನಿಂದ ನನಗೆ ಏನೂ ತೊಂದರೆಯಾಗಿರಲಿಲ್ಲ. ಹಾಡನ್ನು ನಿಲ್ಲಿಸಿದ್ದು ನನ್ನ ಸುಳ್ಳು.

"ನಂಗೆ ಓದೋದಿದೆ" ಎಂದೆ. ಡಬ್ಬಿಯನ್ನು ಅವಳ ಮಡಿಲಲ್ಲಿಟ್ಟು ಮನೆಗೆ ಓಡಿಬಂದೆ.

ಈರಕ್ಕನ ಬೆರಳು ಮತ್ತೆ ಮಡಚಲು ಬರಲಿಲ್ಲ. ಅವಳು ಕಲ್ಲಿನ ಮುಂದೆ ಕೂರುವುದನ್ನು ಬಿಟ್ಟು ನಾರು ತೆಗೆಯುವ ಕಡೆ ಕೂತಳು. ಗಂಗಮ್ಮ ಕೊಡತಿ ಮುಟ್ಟಲಿಲ್ಲ. ಪರೀಕ್ಷೆ ಮುಗಿದ ಮೇಲೆ ಅಪ್ಪ ತಾವಾಗಿ, "ಇನ್ನು ಹಾಡಿ" ಎಂದರು. ಯಾರೂ ಹಾಡಲಿಲ್ಲ. ಊರಿನವರು ಗಂಗಮ್ಮನನ್ನು ಬೆರಳು ಜಜ್ಜಿದ ಸೊಸೆ ಎಂದೇ ಗುರುತಿಸುತ್ತಿದ್ದರು. ಅವಳ ಮಕ್ಕಳು ಶಾಲೆಗೆ ಬರುವ ಕಾಲಕ್ಕೂ ಆ ಹೆಸರು ಹೋಗಿರಲಿಲ್ಲ. ನಾನು ಪಬ್ಲಿಕ್ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸಿನಲ್ಲಿ ಪಾಸಾದೆ.

ಈಗಲೂ ಆ ಅಂಗಳದಲ್ಲಿ ಹುಣಸೆ ಕುಟ್ಟುತ್ತಾರೆ. ಒಬ್ಬೊಬ್ಬರೇ, ದೂರ ದೂರ ಕೂತು. ಸದ್ದು ಹೆಚ್ಚಲೆಂದು ಸ್ಟೀಲ್ ಚೆಂಬಿನೊಳಗೆ ಮೊಬೈಲು ಇಟ್ಟು ಹಾಡು ಹಾಕಿರುತ್ತಾರೆ. ಅದರ ಪಾಡಿಗೆ ಅದು, ಕೈಗಳ ಪಾಡಿಗೆ ಕೈಗಳು. ಮನೆಯಲ್ಲಿ ಮೊಮ್ಮಗಳು ಕಿವಿಗೆ ಏನೋ ಸಿಕ್ಕಿಸಿಕೊಂಡು ಓದುತ್ತಾಳೆ. "ಹಾಡು ಕೇಳ್ಕೊಂಡು ಓದಿದ್ರೆ ಏನ್ ತಲೆಗೆ ಹತ್ತುತ್ತೆ, ನೀವಾದ್ರೂ ಹೇಳಿ ಅತ್ತೆ" ಎಂದು ಸೊಸೆ ನನ್ನನ್ನು ಕರೆಯುತ್ತಾಳೆ. ನಾನು ಏನಾದರೊಂದು ಕೆಲಸದ ನೆಪ ಮಾಡಿ ಎದ್ದು ಹೋಗುತ್ತೇನೆ. ಮೊಮ್ಮಗಳ ಕಿವಿಯಲ್ಲಿ ಜಗತ್ತಿನ ಹಾಡುಗಳೆಲ್ಲ ಇವೆ. ಅವಳ ಇವತ್ತಿನ ಪಾಠ ಏನೆಂದು ಕೇಳಿ, ಅದನ್ನು ಕಟ್ಟಿ ಹಾಡುವವರು ಯಾರೂ ಇಲ್ಲ. ನನಗೆ ಅಂಥವರೊಬ್ಬರಿದ್ದರು. ನಾನೇ ಅವರ ಬಾಯಿ ಮುಚ್ಚಿಸಿದೆ.

ಆ ಭಾನುವಾರ ಸಂಜೆ ಆರಕ್ಕೆ ಸರಿಯಾಗಿ ಅಪ್ಪ ನನ್ನನ್ನು ಗಣಿತಕ್ಕೆ ಕೂರಿಸಿದರು. ಅಂದು ಅವರು ಕಟ್ಟೆಗೆ ಹೋಗಲಿಲ್ಲ. ಕಾಲ ಮತ್ತು ಕೆಲಸದ ಹತ್ತು ಲೆಕ್ಕಗಳು. ಅಂಗಳ ಖಾಲಿ, ಕಲ್ಲಿನ ಸುತ್ತ ಯಾರೋ ನೀರು ಹಾಕಿ ತೊಳೆದಿದ್ದರು. ತಲೆ ಎತ್ತಿದರೆ ಅದು ಕಾಣುತ್ತದೆಂದು ನಾನು ತಲೆ ಎತ್ತದೆ ಮಾಡಿದೆ. ಹತ್ತನೆಯದು: ಐದು ಆಳುಗಳು ಎಂಟು ದಿನದಲ್ಲಿ ಮುಗಿಸುವ ಕೆಲಸವನ್ನು ನಾಲ್ಕು ಆಳುಗಳು ಎಷ್ಟು ದಿನದಲ್ಲಿ ಮುಗಿಸುತ್ತಾರೆ? ಹತ್ತು ದಿನ ಎಂದು ಬರೆದೆ. ಅಪ್ಪ ಕೆಂಪು ಪೆನ್ಸಿಲ್ ತೆಗೆದುಕೊಂಡು ಒಂದೊಂದನ್ನೇ ನೋಡಿದರು. ಹತ್ತೂ ಸರಿ.

"ನೋಡಿದ್ಯಾ ಮಗಳೇ" ಎಂದರು. "ಸದ್ದು ಇಲ್ದಿದ್ರೆ ಎಷ್ಟು ಚೆನ್ನಾಗಿ ಬರುತ್ತೆ."

ನಾನು ಹೂಂ ಎಂದೆ. ಅವರು ಕೆಳಗೆ ತಾರೀಖು ಹಾಕಿ ಸಹಿ ಮಾಡಿ ಪುಸ್ತಕ ಮುಚ್ಚಿದರು.