ಅಕ್ಕನ ಮದುವೆಗೆ ನನಗೆ ಪ್ರವೇಶವಿರಲಿಲ್ಲ

ನನ್ನ ಅಕ್ಕನ ಮದುವೆಯಾದದ್ದು ಮೊನ್ನೆಯ ಆಟಿ ತಿಂಗಳಲ್ಲಿ. ಅವಳು ತೀರಿಕೊಂಡದ್ದು ನಾನು ಹುಟ್ಟುವ ಮೊದಲೇ, ಅವಳಿನ್ನೂ ತೊಟ್ಟಿಲಲ್ಲಿದ್ದಾಗ. ನಮ್ಮ ಕಡೆ ಇದೇನೂ ವಿಚಿತ್ರವಲ್ಲ. ಮದುವೆಯಾಗದೆ ಸತ್ತವರು ಆ ಲೋಕದಲ್ಲಿಯೂ ಬೆಳೆಯುತ್ತಾರೆ, ಪ್ರಾಯಕ್ಕೆ ಬರುತ್ತಾರೆ, ಮದುವೆ ಮಾಡಿಸಿ ಎಂದು ಮನೆಯವರನ್ನು ಕಾಡುತ್ತಾರೆ. ಆಗ ಹಾಗೆಯೇ ಸತ್ತ ಹುಡುಗನೊಬ್ಬನನ್ನು ಹುಡುಕಿ, ಮಣೆಗಳ ಮೇಲೆ ಸೀರೆ, ಪಂಚೆ ಇಟ್ಟು ಮದುವೆ ಮಾಡುತ್ತಾರೆ. ಕುಲೆ ಮದುವೆ ಅಂದರೆ ಇದೇ, ಪ್ರೇತಗಳ ಮದುವೆ.

ನಾನು ಉಪ್ಪಳದ ಹತ್ತಿರ ಪ್ಲಸ್ ಟು ಮಕ್ಕಳಿಗೆ ಮನಃಶಾಸ್ತ್ರ ಕಲಿಸುವವಳು. ಒಬ್ಬರ ಮನಸ್ಸಿನಲ್ಲಿರುವುದು ಅವರೊಬ್ಬರಿಗೇ ಗೊತ್ತು, ಆದ್ದರಿಂದ ಅವರೇ ಒಳಗೆ ನೋಡಿಕೊಂಡು ಹೇಳಬೇಕು ಎಂದು ಆ ಶಾಸ್ತ್ರದ ಹಳಬರು ಹೇಳಿದರು. ಆಮೇಲೆ ಬಂದವರು, ಆ ಮಾತನ್ನು ನಂಬುವುದು ಹೇಗೆ, ಮನಸ್ಸು ಮುಚ್ಚಿದ ಪೆಟ್ಟಿಗೆ, ಮನುಷ್ಯ ಏನು ಮಾಡುತ್ತಾನೆ ಎನ್ನುವುದನ್ನಷ್ಟೇ ನೋಡಿ ಎಂದರು. ಇದನ್ನು ಕಲಿಸಿದ ದಿನ ಹುಡುಗಿಯೊಬ್ಬಳು, "ಯಾವುದು ಸರಿ ಟೀಚರೇ?" ಎಂದು ಕೇಳಿದಳು. "ಪರೀಕ್ಷೆಗೆ ಎರಡನ್ನೂ ಬರೆಯಿರಿ" ಎಂದೆ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನಾನು ನಿಸ್ಸೀಮಳು.

ಮನೆಯಲ್ಲಿಯೂ ಹಾಗೆಯೇ ಇದ್ದೆ. ನನಗೆ ಮದುವೆ ಬೇಡವಾಗಿತ್ತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಸೋದರಮಾವ ಸಂಬಂಧ ತಂದಾಗಲೆಲ್ಲ "ನೋಡುವ" ಎನ್ನುತ್ತಿದ್ದೆ, ಅದು ಹೇಗೋ ತಪ್ಪಿಹೋಗುತ್ತಿತ್ತು. ಕೊನೆಗೆ ಅಮ್ಮನ ಒತ್ತಾಯಕ್ಕೆ ಮಾವ ಜೋಯಿಸರಲ್ಲಿ ಕೇಳಿಸಿದರು. ಹಿರಿಯವಳು ಕಾಯುತ್ತಿದ್ದಾಳೆ, ಅವಳದ್ದಾಗದೆ ಕಿರಿಯವಳದ್ದು ಆಗುವುದಿಲ್ಲ ಎಂದು ಉತ್ತರ ಬಂತು. ನನಗೆ ನಗುವೂ ಬಂತು, ಹೆದರಿಕೆಯೂ ಆಯಿತು. ಅಕ್ಕ ಮಣೆಯ ಮೇಲೆ ಕೂತರೆ ಮುಂದಿನ ಸರದಿ ನನ್ನದು. ಆಮೇಲೆ "ನೋಡುವ" ನಡೆಯುವುದಿಲ್ಲ.

ಶಿರಿಯದ ಕಡೆಯ ಒಂದು ಮನೆಯಲ್ಲಿ ಹುಡುಗ ಸಿಕ್ಕಿದ. ಅವನ ತಾಯಿ ಮಲ್ಲಿಗೆ ಚೆಂಡು ಹಿಡಿದುಕೊಂಡು ಮಾತುಕತೆಗೆ ಬಂದರು. ಚಾ ಕೊಟ್ಟವಳು ನಾನು.

"ನಮ್ಮವನು ಸ್ವಲ್ಪ ಹಠದವ. ನಿಮ್ಮ ಮಗಳು ಹೇಗೆ?" ಎಂದು ಅವರು ಕೇಳಿದರು.

"ಪಾಪದವಳು. ಜೋರು ಮಾತು ಸಹ ಇಲ್ಲ" ಎಂದಳು ಅಮ್ಮ.

ಇಬ್ಬರ ಮುಖದಲ್ಲಿಯೂ ತಮಾಷೆ ಇರಲಿಲ್ಲ. ಹೊರಡುವಾಗ ಆಕೆ ಅಮ್ಮನ ಕೈ ಹಿಡಿದುಕೊಂಡು ಸುಮಾರು ಹೊತ್ತು ನಿಂತರು.

ಸೀರೆ ತೆಗೆಯಲು ನಾನೇ ಅಮ್ಮನನ್ನು ಉಪ್ಪಳಕ್ಕೆ ಕರೆದುಕೊಂಡು ಹೋದೆ. ನಾನು ಹಸಿರು ಸೀರೆ ಎತ್ತಿದ್ದೇ ತಡ, ಅಮ್ಮ ತಲೆಯಾಡಿಸಿದಳು.

"ಅದು ಬೇಡ. ಅವಳಿಗೆ ಹಸಿರು ಆಗುವುದಿಲ್ಲ."

"ನಿನಗೆ ಹೇಗೆ ಗೊತ್ತು?"

"ಎಂತ ಕೇಳುವುದು ನೀನು? ನನ್ನ ಮಗಳಲ್ಲವಾ?"

ನಾನೂ ಅವಳ ಮಗಳೇ. ನನಗೆ ಯಾವ ಬಣ್ಣ ಇಷ್ಟ ಎಂದು ಕೇಳಬೇಕೆನಿಸಿತು. ಮಾತಾಡದ ಮಗಳ ಮನಸ್ಸು ಇಷ್ಟು ಚೆನ್ನಾಗಿ ತಿಳಿಯುವವಳಿಗೆ ಎದುರಿಗೆ ನಿಂತವಳದ್ದು ತಿಳಿಯುವುದಿಲ್ಲವೇ ಎಂದು ಸಿಟ್ಟು ಬಂತು. ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಡುವಷ್ಟು ಕೆಳಗಿಳಿದೆನೇ ಎಂದು ನಾಚಿಕೆಯೂ ಆಯಿತು. ಕೆಂಪು ಸೀರೆ ತೆಗೆದುಕೊಂಡು ಬಂದೆವು.

ಮದುವೆ ಸಂಜೆಗಿತ್ತು. ಮದುವೆಯಾಗದವರು ಕುಲೆ ಮದುವೆ ನೋಡಬಾರದು. ಅದರಿಂದ ವಧುವಿನ ಒಬ್ಬಳೇ ತಂಗಿಯನ್ನು ಹಿಂದಿನ ಜಗಲಿಗೆ ಅಟ್ಟಿ ಬಾಗಿಲು ಹಾಕಿದರು. ಮನಸ್ಸನ್ನು ಓದಿ ಎರಡು ಡಿಗ್ರಿ ತೆಗೆದುಕೊಂಡವಳು ತೆಂಗಿನಕಾಯಿ ಸಿಪ್ಪೆಯ ರಾಶಿಯ ಪಕ್ಕ ಕೂತೆ.

ಒಳಗಿನಿಂದ ಮಾತು ಕೇಳುತ್ತಿತ್ತು. "ಮದಿಮಾಳಿಗೆ ನಾಚಿಕೆ ಮಾರಾಯ್ತಿ, ಹೂ ಸರಿ ಮಾಡು" ಎಂದು ಯಾರೋ ಮದುಮಗಳನ್ನು ಛೇಡಿಸಿದರು. ಹೆಂಗಸರೆಲ್ಲ ನಕ್ಕರು, ಎಲ್ಲ ಮದುವೆಯಲ್ಲಿ ನಗುವ ಹಾಗೆಯೇ. ನನ್ನ ಕಣ್ಣಿನಿಂದ ನೀರು ಬರತೊಡಗಿತು.

ಯಾಕೆ? ಹಳಬರು ಹೇಳಿದಂತೆ ಒಳಗೆ ನೋಡಿಕೊಂಡೆ. ಮಲ್ಲಿಗೆಯ ವಾಸನೆಗೆ ಕೋಳಿ ಸಾರಿನ ವಾಸನೆ ಬೆರೆತಿತ್ತು. ಅದರಾಚೆ ಏನೂ ಕಾಣಲಿಲ್ಲ. ಅಳು ಬಂದದ್ದರಿಂದ ದುಃಖವಾಗುತ್ತದೆ, ದುಃಖದಿಂದ ಅಳು ಬರುವುದಲ್ಲ ಎನ್ನುವ ವಾದವೂ ಒಂದುಂಟು. ಮೈ ಹೇಳುವುದು 'ಏನೋ ಆಗುತ್ತಿದೆ' ಎಂದಷ್ಟೇ, ಸುತ್ತಮುತ್ತ ನೋಡಿ ಅದಕ್ಕೆ ಹೆಸರಿಡುವವರು ನಾವು ಎಂದು ಇನ್ನೊಂದು ವಾದ. ಸುತ್ತಮುತ್ತ ನೋಡಿದೆ. ಸಾವೂ ಇತ್ತು, ಮದುವೆಯೂ ಇತ್ತು. ಕಾಣದ ಅಕ್ಕನಿಗಾಗಿ ಅಳುತ್ತಿದ್ದೇನೆಯೇ, ಅಥವಾ ಆ ನಗುವಿನ ನಡುವೆ ನನಗೂ ಕೂರಬೇಕೆನಿಸುತ್ತಿದೆಯೇ? ಅಷ್ಟು ವರ್ಷ ಬೇಡ ಎಂದುಕೊಂಡದ್ದು ನಿಜವಾಗಿ ಬೇಡವೇ ಆಗಿತ್ತೇ? ತಲೆಬುಡ ತಿಳಿಯಲಿಲ್ಲ.

ಗಂಡಿನ ಕಡೆಯವರು ಕೆಂಪು ಸೀರೆಯನ್ನು ಹರಿವಾಣದಲ್ಲಿಟ್ಟುಕೊಂಡು ಜೀಪು ಹತ್ತಿದರು. ಮನೆ ಖಾಲಿಯಾದ ಮೇಲೆ ಅಮ್ಮ ಪಾಯಸದ ಲೋಟ ಹಿಡಿದುಕೊಂಡು ಹಿಂದಕ್ಕೆ ಬಂದು ನನ್ನ ಪಕ್ಕ ಕೂತಳು.

"ಹೋದಳು" ಎಂದಳು. ಸೆರಗಿನಿಂದ ಬೆವರೊರೆಸಿಕೊಂಡು, "ಇನ್ನು ನಿನ್ನ ತಂಟೆಗೆ ಯಾರೂ ಬರುವುದಿಲ್ಲ. ಸಂಬಂಧ ತರುವುದು ಬೇಡ ಅಂತ ನಿನ್ನ ಮಾವನಿಗೆ ಹೇಳಿದ್ದೇನೆ" ಎಂದಳು.

"ಮತ್ತೆ ಇದೆಲ್ಲ ನನ್ನ ಮದುವೆಗೆ ಅಂತ ಅಲ್ಲವಾ ಮಾಡಿದ್ದು?"

"ನಿನ್ನ ಹೆಸರು ಹೇಳದಿದ್ದರೆ ನಿನ್ನ ಮಾವ ಒಪ್ಪುತ್ತಿದ್ದನಾ? ಅವಳದ್ದೊಂದು ಆಗಬೇಕಿತ್ತು ನನಗೆ. ನಿನಗೆ ಬೇಡ ಅಂತ ಯಾವತ್ತೋ ಗೊತ್ತುಂಟು. ಹುಡುಗನ ಫೋಟೋ ಬಂದಾಗಲೆಲ್ಲ ನೀನು ತೊಳೆದ ಪಾತ್ರೆಯನ್ನೇ ಪುನಃ ತೊಳೀತಿದ್ದಿ." ನನ್ನ ಕಡೆ ತಿರುಗಿದಳು. "ಸರಿಯಲ್ಲವಾ? ನಿನಗೆ ಬೇಡ ಅಲ್ಲವಾ?"

ಇದೇ ಪ್ರಶ್ನೆಗಾಗಿ ನಾನು ವರ್ಷಗಟ್ಟಲೆ ಕಾದಿದ್ದೆ. ಮಧ್ಯಾಹ್ನ ಕೇಳಿದ್ದರೆ ಕುಣಿದು ಹೌದೆನ್ನುತ್ತಿದ್ದೆ.

"ಗೊತ್ತಿಲ್ಲ ಅಮ್ಮ" ಎಂದೆ.

ಹಸಿರು ಬೇಡವೆಂದು ಅಂಗಡಿಯಲ್ಲಿ ಖಡಾಖಂಡಿತವಾಗಿ ಹೇಳಿದ್ದ ನನ್ನ ಅಮ್ಮ ನನ್ನ ಒದ್ದೆ ಮುಖವನ್ನೇ ನೋಡಿದಳು. "ನಿನಗೇ ಗೊತ್ತಿಲ್ಲದಿದ್ದರೆ ನನಗೆ ಹೇಗೆ ಗೊತ್ತಾಗಬೇಕು?" ಎಂದು ಕೇಳಿದಳು. ಆಮೇಲೆ ಪಾಯಸ ಆರುತ್ತದೆ ಎಂದು ಲೋಟವನ್ನು ನನ್ನ ಕೈಗಿತ್ತಳು.